ತಾನ್‌ಸೇನ್: ನೇಪಾಳದ ಒಂದು ಬೆಟ್ಟದೂರಿನ ಬದುಕು ಮತ್ತು ಸಂಸ್ಥೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನೇಪಾಳವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಪಶುಪತಿನಾಥ, ಮುಕ್ತಿನಾಥ ಮತ್ತು ಹಿಮಶಿಖರಗಳು ನೆನಪಾಗುತ್ತವೆ. ಇಲ್ಲವೇ ನಮ್ಮ ಬೀದಿಯ ಹೋಟೆಲಿನಲ್ಲಿ ಕೆಲಸಕ್ಕಿರುವ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿಯಿಡೀ ಎಚ್ಚರವಿರುವ ಹುಡುಗರು ನೆನಪಾಗುತ್ತಾರೆ. ಆ ಶಿಖರಗಳಿಗೂ ಈ ಹುಡುಗರಿಗೂ ನಡುವೆ ಇರುವ ನೇಪಾಳ, ಅಂದರೆ ಜನನ ದಾಖಲೆಗೆ ವಾರ್ಡು ಕಚೇರಿಯಲ್ಲಿ ಸರದಿ ನಿಲ್ಲುವ, ಮಗ್ಗ ನಡೆಸುವ, ಆಸ್ಪತ್ರೆಯ ಹೊರಗೆ ಅನ್ನ ಬೇಯಿಸುವ ನಡುಬೆಟ್ಟದ ಊರು, ನಮಗೆ ಅಷ್ಟಾಗಿ ಗೊತ್ತಿಲ್ಲ. ಪಾಲ್ಪಾ ಜಿಲ್ಲೆಯ ತಾನ್‌ಸೇನ್ ಅಂಥದ್ದೊಂದು ಊರು. ದುಡಿಯುವ ವಯಸ್ಸಿನವರಲ್ಲಿ ಅನೇಕ ಮಂದಿ ಹೊರಗೆ ಹೋಗಿರುವಾಗ ಬೆಟ್ಟದ ಬದುಕನ್ನು ಎತ್ತಿ ಹಿಡಿದಿರುವುದು ಅಲ್ಲಿನ ಸಣ್ಣ ಸಣ್ಣ ಸಂಸ್ಥೆಗಳು ಎಂಬುದು ನನ್ನ ತಿಳಿವಳಿಕೆ. ಆದ್ದರಿಂದ ಇಲ್ಲಿ ನೋಡುವ ಜಾಗಗಳಿಗಿಂತ ಅವುಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ತಾನ್‌ಸೇನ್ ಎಲ್ಲಿದೆ?

ನೇಪಾಳದ ಪಶ್ಚಿಮ ಭಾಗದಲ್ಲಿ, ಲುಂಬಿನಿ ಪ್ರಾಂತದಲ್ಲಿದೆ. ಪಾಲ್ಪಾ ಜಿಲ್ಲೆಯ ಕೇಂದ್ರಸ್ಥಳ. ಸಮುದ್ರಮಟ್ಟದಿಂದ ಸುಮಾರು 1,350 ಮೀಟರ್ ಎತ್ತರದಲ್ಲಿ, ಶ್ರೀನಗರ ಡಾಂಡಾ ಎಂಬ ಗುಡ್ಡದ ಇಳಿಜಾರಿನಲ್ಲಿ ಊರು ಹರಡಿದೆ. ನೇಪಾಳಿಯಲ್ಲಿ ಡಾಂಡಾ ಎಂದರೆ ಗುಡ್ಡದ ಏಣು. ನಮ್ಮ ಮಡಿಕೇರಿಗಿಂತ ತುಸು ಎತ್ತರವೆನ್ನಬಹುದು, ಆದರೆ ಬಹಳ ಉತ್ತರದಲ್ಲಿರುವುದರಿಂದ ಚಳಿಗಾಲ ಇನ್ನಷ್ಟು ಕಟುವಾಗಿರುತ್ತದೆ. ಗುಡ್ಡದ ನೆತ್ತಿಯ ಪೈನ್ ಮರಗಳ ನಡುವೆ ನಿಂತರೆ ಉತ್ತರಕ್ಕೆ ಧೌಲಾಗಿರಿ, ಅನ್ನಪೂರ್ಣ, ಮಚ್ಛಾಪುಚ್ಛ್ರೆ ಕಾಣುತ್ತವೆ. ಚಳಿಗಾಲದ ಬೆಳಗ್ಗೆ ಕೆಳಗಿನ ಮಾಡಿ ಎಂಬ ಬಯಲು ಮಂಜಿನಿಂದ ತುಂಬಿ, ದಡದಿಂದ ದಡಕ್ಕೆ ಬೆಳ್ಳನೆಯ ಕೆರೆಯೊಂದು ನಿಂತಂತೆ ತೋರುತ್ತದೆ. ಬಿಸಿಲು ಏರಿದ ಹಾಗೆ ಆ ಕೆರೆ ಅಂಚಿನಿಂದ ಹರಿದುಹೋಗಿ, ಮೊದಲು ಮರದ ತುದಿಗಳು, ಆಮೇಲೆ ಮನೆಗಳ ಮಾಡುಗಳು, ಕೊನೆಗೆ ಗದ್ದೆಗಳು ಒಂದೊಂದಾಗಿ ಎದ್ದು ಬರುತ್ತವೆ.

ಸಂಗೀತಗಾರ ತಾನ್‌ಸೇನನಿಗೂ ಈ ಊರಿಗೂ ಸಂಬಂಧವಿದೆಯೇ?

ಇಲ್ಲ. ಅಕ್ಬರನ ಆಸ್ಥಾನದ ತಾನ್‌ಸೇನ್ ಗ್ವಾಲಿಯರ್ ಕಡೆಯವನು. ಊರಿನ ಹೆಸರಿನ ಮೂಲವನ್ನು ಸಾಮಾನ್ಯವಾಗಿ ಈ ಬೆಟ್ಟಗಳ ಮೂಲನಿವಾಸಿಗಳಾದ ಮಗರ್ ಜನರ ಭಾಷೆಯಲ್ಲಿ ಹುಡುಕುತ್ತಾರೆ.

ಊರು ಬೆಳೆದದ್ದು ಹೇಗೆ?

ಪಾಲ್ಪಾ ಒಂದು ಕಾಲಕ್ಕೆ ಸೇನ ವಂಶದ ರಾಜ್ಯವಾಗಿತ್ತು. 16ನೇ ಶತಮಾನದಲ್ಲಿ ಮುಕುಂದ ಸೇನನ ಆಳ್ವಿಕೆಯಲ್ಲಿ ಅದು ಬಲವಾಗಿ ಬೆಳೆಯಿತು. ಗೋರ್ಖಾದ ಅರಸ ಪೃಥ್ವೀನಾರಾಯಣ ಶಾಹನ ವಂಶದವರು ಸಣ್ಣ ಸಣ್ಣ ಬೆಟ್ಟದ ರಾಜ್ಯಗಳನ್ನೆಲ್ಲ ಸೇರಿಸಿಕೊಳ್ಳುತ್ತಾ ಬಂದಾಗ ಕೊನೆಯವರೆಗೂ ಉಳಿದುಕೊಂಡವುಗಳಲ್ಲಿ ಪಾಲ್ಪಾ ಒಂದು. ಕಡೆಯ ಅರಸ ಪೃಥ್ವೀಪಾಲ ಸೇನನನ್ನು ಕಾಠ್ಮಂಡುವಿಗೆ ಕರೆಸಿಕೊಂಡು ಸೆರೆಯಲ್ಲಿರಿಸಿ, 1806ರಲ್ಲಿ ಕೊಲ್ಲಲಾಯಿತು. ರಾಜ್ಯ ನೇಪಾಳಕ್ಕೆ ಸೇರಿತು. ಆ ಬಳಿಕ ಗವರ್ನರ್ ಆಗಿ ಬಂದ ಅಮರ ಸಿಂಹ ಥಾಪಾ ಅಮರ ನಾರಾಯಣ ದೇವಸ್ಥಾನವನ್ನು ಕಟ್ಟಿಸಿದನು. ಬ್ರಿಟಿಷರೊಡನೆ ನಡೆದ ಯುದ್ಧದಲ್ಲಿ ಬೆಟ್ಟದ ಬುಡದ ಬುಟ್ವಲ್ ಊರಿನ ಬಳಿಯ ಜಿತ್‌ಗಢಿಯಲ್ಲಿ ಜಯ ಸಿಕ್ಕಿದ ನೆನಪಿಗೆ ನೇಪಾಳಿ ಸೇನಾನಾಯಕ ಉಜೀರ್ ಸಿಂಹ ಥಾಪಾ ಭಗವತಿಯ ಗುಡಿ ಕಟ್ಟಿಸಿದನು.

ವ್ಯಾಪಾರದ ಕಥೆ ಇದಕ್ಕಿಂತ ಮುಖ್ಯವೆಂದು ನನಗೆ ಅನ್ನಿಸುತ್ತದೆ. ಕಾಠ್ಮಂಡು ಕಣಿವೆಯಿಂದ ಬಂದ ನೇವಾರ್ ವರ್ತಕರು ಇಲ್ಲಿ ಅಂಗಡಿಬೀದಿಗಳನ್ನು ಕಟ್ಟಿದರು. ಭಾರತದ ಗಡಿಗೆ ಹೊಂದಿದ ತರಾಯಿ ಬಯಲಿನಿಂದ ಬಂದ ಉಪ್ಪು, ಬಟ್ಟೆ, ಪಾತ್ರೆಗಳು ಹೊರೆಯಾಳುಗಳ ಬೆನ್ನಿನ ಮೇಲೆ ಬುಟ್ವಲ್‌ನಿಂದ ಮೇಲೇರಿ ತಾನ್‌ಸೇನ್ ಮೂಲಕ ಒಳನಾಡಿಗೆ ಹೋಗುತ್ತಿದ್ದವು. ಮುಂದೆ ಭಾರತದ ನೆರವಿನಿಂದ ಸಿದ್ಧಾರ್ಥ ಹೆದ್ದಾರಿ ಗಡಿಯ ಸುನೌಲಿಯಿಂದ ಪೋಖರಾವರೆಗೆ ಬಂದಾಗ ಅದು ಊರಿನೊಳಗೆ ಬರದೆ, ಕೆಲವೇ ಕಿಲೋಮೀಟರ್ ದೂರದ ಬರ್ತುಂಗ್‌ನಲ್ಲಿ ಪಕ್ಕಕ್ಕೆ ಸರಿದು ಹೋಯಿತು. ಸರಕು ಲಾರಿಯಲ್ಲಿ ನೇರವಾಗಿ ಹೋಗತೊಡಗಿದ ಮೇಲೆ ಸಗಟು ವ್ಯಾಪಾರ ಬುಟ್ವಲ್‌ಗೆ ಇಳಿಯಿತು. ತಾನ್‌ಸೇನ್‌ನ ಹಳೆಯ ಬೀದಿಗಳು ಇಂದಿಗೂ ಕಿರಿದಾಗಿ, ಕಲ್ಲುಹಾಸಿನವಾಗಿ ಉಳಿದಿರುವುದಕ್ಕೆ ಈ ಹಿನ್ನಡೆಯೂ ಒಂದು ಕಾರಣ.

ಅಲ್ಲಿ ಯಾರು ಯಾರು ವಾಸಿಸುತ್ತಾರೆ?

ಬಜಾರಿನಲ್ಲಿ ನೇವಾರರು, ಸುತ್ತಲಿನ ಹಳ್ಳಿಗಳಲ್ಲಿ ಮಗರರು, ಜೊತೆಗೆ ಬಾಹುನ್ ಎಂದು ಕರೆಯಲಾಗುವ ಬ್ರಾಹ್ಮಣರು, ಛೆತ್ರಿಗಳು, ಕಮ್ಮಾರಿಕೆ, ಹೊಲಿಗೆ ಮೊದಲಾದ ಕಸುಬಿನ ದಲಿತ ಸಮುದಾಯಗಳು, ಕೆಲವು ಮುಸ್ಲಿಂ ಕುಟುಂಬಗಳು ಇವೆ. ಎಲ್ಲರ ನಡುವಿನ ಮಾತು ನೇಪಾಳಿ. ಹಳೆಯ ನೇವಾರ್ ಮನೆಗಳಲ್ಲಿ ನೇಪಾಳ ಭಾಷಾ, ಮಗರರ ಮನೆಗಳಲ್ಲಿ ಮಗರ್ ಭಾಷೆ ಕೇಳಿಬರುತ್ತದೆ. ನೇಪಾಳ ಭಾಷಾ ಎಂಬುದು ನೇಪಾಳಿ ಅಲ್ಲ. ಅದು ಟಿಬೆಟೋ ಬರ್ಮನ್ ಕುಟುಂಬಕ್ಕೆ ಸೇರಿದ ಬೇರೆಯೇ ಭಾಷೆ. 2021ರ ಜನಗಣತಿಯಲ್ಲಿ ತಾನ್‌ಸೇನ್ ನಗರಪಾಲಿಕೆಯ ಜನಸಂಖ್ಯೆ ಸುಮಾರು 50 ಸಾವಿರ. ಇದರಲ್ಲಿ ಸುತ್ತಲಿನ ಅನೇಕ ಹಳ್ಳಿಗಳೂ ಸೇರಿವೆ.

ಊರಿನ ಆಡಳಿತ ಯಾರ ಕೈಯಲ್ಲಿದೆ?

2015ರ ಸಂವಿಧಾನ ನೇಪಾಳವನ್ನು ಒಕ್ಕೂಟ ಗಣರಾಜ್ಯವಾಗಿ ಕಟ್ಟಿತು. ಈಗ 7 ಪ್ರಾಂತಗಳು, 77 ಜಿಲ್ಲೆಗಳು, 753 ಸ್ಥಳೀಯ ಸರ್ಕಾರಗಳಿವೆ. ನಮ್ಮಲ್ಲಿ ಸ್ಥಳೀಯ ಸಂಸ್ಥೆ ಎನ್ನುವುದನ್ನು ಅವರು ಸ್ಥಳೀಯ ಸರ್ಕಾರ ಎಂದೇ ಕರೆಯುತ್ತಾರೆ, ಏಕೆಂದರೆ ಅದರ ಅಧಿಕಾರಗಳು ಸಂವಿಧಾನದ ಅನುಸೂಚಿಯಲ್ಲೇ ಬರೆದಿವೆ. ಪಾಲ್ಪಾದಲ್ಲಿ ತಾನ್‌ಸೇನ್ ಮತ್ತು ರಾಂಪುರ ಎಂಬ 2 ನಗರಪಾಲಿಕೆಗಳೂ 8 ಗ್ರಾಮಪಾಲಿಕೆಗಳೂ ಇವೆ.

ಸಾಮಾನ್ಯ ಜನರ ಪಾಲಿಗೆ ಸರ್ಕಾರವೆಂದರೆ ವಡಾ ಕಾರ್ಯಾಲಯ, ಅಂದರೆ ವಾರ್ಡು ಕಚೇರಿ. ಒಬ್ಬ ವಾರ್ಡು ಅಧ್ಯಕ್ಷ ಮತ್ತು ನಾಲ್ವರು ಸದಸ್ಯರು ನೇರವಾಗಿ ಚುನಾಯಿತರಾಗುತ್ತಾರೆ. ಆ ನಾಲ್ವರಲ್ಲಿ ಇಬ್ಬರು ಮಹಿಳೆಯರಿರಬೇಕು, ಅವರಲ್ಲಿ ಒಬ್ಬರು ದಲಿತ ಮಹಿಳೆಯಾಗಿರಬೇಕು. ಹುಟ್ಟು, ಸಾವು, ಮದುವೆ, ವಿಚ್ಛೇದನ, ವಲಸೆ ಈ ಐದನ್ನೂ ಇಲ್ಲಿಯೇ ದಾಖಲಿಸುವುದು. 35 ದಿನಗಳೊಳಗೆ ಬಂದರೆ ಶುಲ್ಕವಿಲ್ಲ. 16 ವರ್ಷ ತುಂಬಿದವರು ನಾಗರಿಕತಾ ಎಂಬ ಪೌರತ್ವ ಪ್ರಮಾಣಪತ್ರವನ್ನು ಜಿಲ್ಲಾ ಆಡಳಿತ ಕಚೇರಿಯಿಂದ ಪಡೆಯುತ್ತಾರೆ, ಆದರೆ ಅದಕ್ಕೂ ಮೊದಲು ವಾರ್ಡಿನ ಸಿಫಾರಿಸ್ ಬೇಕು. ಈ ಸಿಫಾರಿಸ್ ಎಂಬ ಮಾತಿಗೆ ನಮ್ಮ ಶಿಫಾರಸಿನ ವಶೀಲಿಯ ಅರ್ಥವಿಲ್ಲ. ಇವನು ನಮ್ಮ ವಾರ್ಡಿನವನು, ಇಂಥವರ ಮಗ, ಈ ಜಮೀನು ಇವನದೇ ಎಂದು ದೃಢೀಕರಿಸುವ ಪತ್ರ ಅದು. ಜಮೀನಿನ ಹಕ್ಕುಪತ್ರಕ್ಕೆ ಲಾಲ್‌ಪುರ್ಜಾ ಎಂದೂ ಕಂದಾಯ ಕಚೇರಿಗೆ ಮಾಲ್‌ಪೋತ್ ಎಂದೂ ಹೆಸರು. ಹಳ್ಳಿಯ ಹೆಂಗಸರು ಈ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸೊಂಟಕ್ಕೆ ಕಟ್ಟಿದ ಪಟುಕಾದೊಳಗೆ ಸಿಕ್ಕಿಸಿಕೊಂಡು ಬೆಟ್ಟ ಇಳಿದು ಬರುತ್ತಾರೆ.

ಉಪಮೇಯರ್ ನ್ಯಾಯ ತೀರ್ಮಾನ ಮಾಡುತ್ತಾರೆ ಎಂಬುದು ನಿಜವೇ?

ನಿಜ. ನನ್ನ ದೃಷ್ಟಿಯಲ್ಲಿ ನೇಪಾಳದ ಸ್ಥಳೀಯ ಆಡಳಿತದಲ್ಲಿ ನಾವು ಗಮನವಿಟ್ಟು ನೋಡಬೇಕಾದದ್ದು ಇದೇ. ಸಂವಿಧಾನದ 217ನೇ ವಿಧಿಯಂತೆ ಪ್ರತಿ ಸ್ಥಳೀಯ ಸರ್ಕಾರದಲ್ಲೂ ಮೂವರ ನ್ಯಾಯಿಕ ಸಮಿತಿ ಇರುತ್ತದೆ. ನಗರಪಾಲಿಕೆಯಲ್ಲಿ ಉಪಪ್ರಮುಖರು, ಅಂದರೆ ಉಪಮೇಯರ್, ಅದರ ಸಂಯೋಜಕರು. 2017ರ ಸ್ಥಳೀಯ ಸರ್ಕಾರ ಕಾನೂನು 13 ಬಗೆಯ ವ್ಯಾಜ್ಯಗಳಲ್ಲಿ ತೀರ್ಪು ಕೊಡುವ ಅಧಿಕಾರವನ್ನು ಈ ಸಮಿತಿಗೆ ಕೊಟ್ಟಿದೆ. ಇನ್ನೂ 11 ಬಗೆಯವನ್ನು ರಾಜಿ ಸಂಧಾನದಿಂದ ಮಾತ್ರ ಬಗೆಹರಿಸಬಹುದು. ಕಾಲುವೆಯ ನೀರಿನ ಪಾಳಿ, ಬೆಳೆ ಹಾನಿ, ಕೊಡದೆ ಉಳಿಸಿಕೊಂಡ ಕೂಲಿ, ಬಾಡಿಗೆ ತಕರಾರು, ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳದಿರುವುದು ಇವೆಲ್ಲ ಮೊದಲ ಗುಂಪಿಗೆ ಬರುತ್ತವೆ. ತೀರ್ಪು ಒಪ್ಪದಿದ್ದವರು ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದು.

ಒಂದು ಪಕ್ಷ ಎರಡೂ ಸ್ಥಾನಗಳಿಗೆ ಅಭ್ಯರ್ಥಿ ಹಾಕುವುದಾದರೆ ಪ್ರಮುಖ (ಮೇಯರ್) ಅಥವಾ ಉಪಪ್ರಮುಖರಲ್ಲಿ ಒಬ್ಬರು ಮಹಿಳೆಯಾಗಿರಬೇಕೆಂಬ ನಿಯಮವಿದೆ. ಪಕ್ಷಗಳು ಮೇಯರ್ ಸ್ಥಾನವನ್ನು ಗಂಡಸರಿಗೆ ಉಳಿಸಿಕೊಂಡು ಉಪಪ್ರಮುಖ ಸ್ಥಾನಕ್ಕೆ ಮಹಿಳೆಯರನ್ನು ನಿಲ್ಲಿಸಿದ್ದರಿಂದ 2017ರ ಚುನಾವಣೆಯ ನಂತರ ನೇಪಾಳದ ಉದ್ದಗಲಕ್ಕೂ ನ್ಯಾಯಪೀಠದಲ್ಲಿ ಕುಳಿತವರು ಹೆಚ್ಚಾಗಿ ಹೆಂಗಸರೇ ಆದರು. ಕಾನೂನು ಓದದವರು ತೀರ್ಪು ಬರೆಯುವುದು ಹೇಗೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಮಗ ಕತಾರ್‌ನಿಂದ ಕಳಿಸಿದ ಹಣವನ್ನು ಸೊಸೆ ಕೊಡುತ್ತಿಲ್ಲ ಎಂದು ಅತ್ತೆಯೂ, ಅತ್ತೆ ಲೆಕ್ಕ ಕೇಳಿ ಹಿಂಸಿಸುತ್ತಾರೆ ಎಂದು ಸೊಸೆಯೂ ದೂರು ಹಿಡಿದು ಬಂದಾಗ, ಇಬ್ಬರ ಮಾತನ್ನೂ ಕೂರಿಸಿಕೊಂಡು ಕೇಳುವ ಒಬ್ಬ ಹೆಂಗಸು ಬಸ್ಸು ಹತ್ತದೆಯೇ ತಲುಪುವಷ್ಟು ಹತ್ತಿರದಲ್ಲಿ ಇರುವುದು ಬೆಟ್ಟದ ಊರಿನಲ್ಲಿ ಸಣ್ಣ ಮಾತಲ್ಲ.

ತಾನ್‌ಸೇನ್‌ನ ಮಿಷನ್ ಆಸ್ಪತ್ರೆ ಇಷ್ಟು ಹೆಸರಾದದ್ದು ಏಕೆ?

ಅದರ ಮೂಲ ಒಂದು ಪಕ್ಷಿ ವೀಕ್ಷಣೆಯಲ್ಲಿದೆ. ವಂಶಪಾರಂಪರ್ಯವಾಗಿ ಪ್ರಧಾನಿಗಳಾಗಿ ದೇಶವನ್ನಾಳಿದ ರಾಣಾಗಳ ಆಡಳಿತದಲ್ಲಿ ನೇಪಾಳದ ಬಾಗಿಲು ಹೊರಗಿನವರಿಗೆ ಬಹುಮಟ್ಟಿಗೆ ಮುಚ್ಚಿತ್ತು. 1949ರಲ್ಲಿ, ಮಸ್ಸೂರಿಯ ಶಾಲೆಯೊಂದರಲ್ಲಿ ಶಿಕ್ಷಕರಾಗಿದ್ದ ಅಮೆರಿಕದ ಪಕ್ಷಿತಜ್ಞ ರಾಬರ್ಟ್ ಫ್ಲೆಮಿಂಗ್ ಹಕ್ಕಿಗಳ ಅಧ್ಯಯನಕ್ಕೆಂದು ಅನುಮತಿ ಪಡೆದು ಕಾಳಿಗಂಡಕಿ ಕಣಿವೆಯ ಕಡೆಗೆ ಹೊರಟಾಗ ತಾನ್‌ಸೇನ್‌ಗೂ ಬಂದರು. ಮುಂದಿನ ಪ್ರವಾಸದಲ್ಲಿ ವೈದ್ಯರೂ ಜೊತೆಗೆ ಬಂದು ರೋಗಿಗಳನ್ನು ನೋಡಿದರು. ಊರಿನವರು ಇಲ್ಲೊಂದು ಆಸ್ಪತ್ರೆ ಬೇಕೆಂದರು, ಸರ್ಕಾರದ ಒಪ್ಪಿಗೆ ದೊರೆಯಿತು. 1954ರಲ್ಲಿ ಹಲವು ಕ್ರೈಸ್ತ ಸಂಸ್ಥೆಗಳು ಸೇರಿ ಯುನೈಟೆಡ್ ಮಿಷನ್ ಟು ನೇಪಾಳ್ ಎಂಬ ಸಂಸ್ಥೆಯನ್ನು ಕಟ್ಟಿದವು, ಅದೇ ವರ್ಷ ತಾನ್‌ಸೇನ್‌ನಲ್ಲಿ ಚಿಕಿತ್ಸೆ ಆರಂಭವಾಯಿತು. ಇಂದು ಅದು ನೂರೈವತ್ತಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆ. ಪಾಲ್ಪಾ ಮಾತ್ರವಲ್ಲದೆ ಗುಲ್ಮಿ, ಸ್ಯಾಂಗ್ಜಾ, ಅರ್ಘಾಖಾಂಚಿಯಂಥ ನೆರೆಯ ಜಿಲ್ಲೆಗಳವರೂ ಅಲ್ಲಿಗೆ ಬರುತ್ತಾರೆ. ಹಣ ಕಟ್ಟಲಾರದವರಿಗೆ ನೆರವಾಗುವ ನಿಧಿಯೊಂದನ್ನು ಆಸ್ಪತ್ರೆ ನಡೆಸುತ್ತದೆ.

ಬೆಟ್ಟದ ಆಸ್ಪತ್ರೆಯಲ್ಲಿ ರೋಗಿಯಷ್ಟೇ ಮುಖ್ಯರಾದವರು ಕುರುವಾ, ಅಂದರೆ ಜೊತೆಗೆ ಕಾದು ಕೂರುವವರು. ಔಷಧಿ ತರುವುದು, ಅನ್ನ ಬೇಯಿಸುವುದು, ರಾತ್ರಿ ಮಂಚದ ಪಕ್ಕದಲ್ಲಿ ನೆಲದ ಮೇಲೆ ಮಲಗುವುದು ಎಲ್ಲವೂ ಅವರದೇ. ರಸ್ತೆಯಿಲ್ಲದ ಹಳ್ಳಿಗಳಿಂದ ರೋಗಿಯನ್ನು ಡೋಕೋ ಎಂಬ ಬಿದಿರಿನ ಬುಟ್ಟಿಯಲ್ಲಿ ಕೂರಿಸಿಕೊಂಡು ಬರುವ ರೂಢಿ ದೀರ್ಘಕಾಲ ಇತ್ತು. ಬುಟ್ಟಿಯ ಒಂದು ಬದಿಯನ್ನು ಕಾಲು ಇಳಿಬಿಡಲು ಅನುಕೂಲವಾಗುವಂತೆ ಕತ್ತರಿಸಿ, ಒಳಗೆ ಕಂಬಳಿ ಹಾಸಿ, ನಾಮ್ಲೋ ಎಂಬ ಪಟ್ಟಿಯನ್ನು ಹಣೆಗೆ ಕೊಟ್ಟು, ಹೊತ್ತವನು ಮುಂದಕ್ಕೆ ಬಾಗಿ ನಡೆಯುತ್ತಾನೆ. ಹೊರಲ್ಪಟ್ಟವರು ಹಿಂದಕ್ಕೆ ಮುಖ ಮಾಡಿ, ತಾವು ಬಿಟ್ಟುಬಂದ ದಾರಿಯನ್ನೇ ನೋಡುತ್ತಾ ಕೂತಿರುತ್ತಾರೆ.

ಮಿಷನ್ ಆಸ್ಪತ್ರೆಯಲ್ಲದೆ ಜಿಲ್ಲೆಯ ಸರ್ಕಾರಿ ಆಸ್ಪತ್ರೆ ಇದೆ, ಪ್ರವಾಸ್ ಎಂಬಲ್ಲಿ ಲುಂಬಿನಿ ಮೆಡಿಕಲ್ ಕಾಲೇಜಿದೆ. ಕುಟುಂಬಕ್ಕೆ ವರ್ಷಕ್ಕಿಷ್ಟೆಂದು ಕಂತು ಕಟ್ಟುವ ಸರ್ಕಾರಿ ಆರೋಗ್ಯ ವಿಮೆಯೂ ಇದೆ.

ಹಳ್ಳಿಗಳಲ್ಲಿ ಆರೋಗ್ಯ ಸೇವೆ ಹೇಗೆ ನಡೆಯುತ್ತದೆ?

ನಮ್ಮ ಆಶಾ ಕಾರ್ಯಕರ್ತೆಯರಿಗಿಂತ ಬಹಳ ಮೊದಲೇ, 1988ರಲ್ಲಿ, ನೇಪಾಳ ಮಹಿಳಾ ಸಮುದಾಯ ಆರೋಗ್ಯ ಸ್ವಯಂಸೇವಿಕೆಯರ ವ್ಯವಸ್ಥೆಯನ್ನು ಆರಂಭಿಸಿತು. ಇಂದು ದೇಶದಲ್ಲಿ ಸುಮಾರು 50 ಸಾವಿರ ಮಂದಿ ಇದ್ದಾರೆ. ಮಕ್ಕಳಿಗೆ ವಿಟಮಿನ್ ಎ ಹಾಕುವುದು, ಬಸಿರಿಯನ್ನು ಹೆರಿಗೆಗೆ ಆರೋಗ್ಯ ಕೇಂದ್ರಕ್ಕೆ ಹೋಗುವಂತೆ ಒಪ್ಪಿಸುವುದು, ಅತಿಸಾರಕ್ಕೆ ಜೀವನಜಲ ಎಂಬ ಪುಡಿ ಹಂಚುವುದು ಅವರ ಕೆಲಸ. ಹೆಸರೇ ಹೇಳುವಂತೆ ಅವರಿಗೆ ಸಂಬಳವಿಲ್ಲ. ಅಲ್ಪಸ್ವಲ್ಪ ಭತ್ಯೆ ಮಾತ್ರ. ಇದು ಸರಿಯಲ್ಲವೆಂದು ನಾನು ನೇರವಾಗಿಯೇ ಹೇಳುತ್ತೇನೆ. ಅವರ ಜೊತೆಗೆ ಆಮಾ ಸಮೂಹ ಎಂಬ ತಾಯಂದಿರ ಗುಂಪುಗಳಿವೆ. ಉಳಿತಾಯ ಕೂಡಿಸುವುದು, ದಾರಿ ದುರಸ್ತಿ ಮಾಡುವುದು, ಕುಡುಕರ ಹಾವಳಿ ತಡೆಯುವುದು, ಹಬ್ಬದಲ್ಲಿ ಹಾಡಿ ಕುಣಿದು ಹಣ ಎತ್ತುವುದು ಎಲ್ಲವನ್ನೂ ಅವರು ಮಾಡುತ್ತಾರೆ. ಹೆರಿಗೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಬಂದುಹೋಗುವ ಖರ್ಚಿಗೂ ಹಣ ಕೊಡುತ್ತಾರೆ, ತರಾಯಿಗಿಂತ ಬೆಟ್ಟದವರಿಗೆ, ಬೆಟ್ಟಕ್ಕಿಂತ ಎತ್ತರದ ಹಿಮಾಲಯದವರಿಗೆ ಹೆಚ್ಚು.

ಶಾಲೆಗಳು ಹೇಗಿವೆ?

ಸರ್ಕಾರದ ಅನುದಾನದಿಂದ ನಡೆಯುವವು ಸಾಮುದಾಯಿಕ ಶಾಲೆಗಳು; ಖಾಸಗಿ ಇಂಗ್ಲಿಷ್ ಮಾಧ್ಯಮದ ಶಾಲೆಗಳನ್ನು ಜನ ಬೋರ್ಡಿಂಗ್ ಎನ್ನುತ್ತಾರೆ, ಮಗು ದಿನವೂ ಮನೆಯಿಂದಲೇ ಹೋಗಿಬರುತ್ತಿದ್ದರೂ ಸರಿ. ಹತ್ತನೇ ತರಗತಿಯ ಕೊನೆಗೆ ನಮ್ಮ ಎಸ್ಸೆಸ್ಸೆಲ್ಸಿಯಂತೆ ಎಸ್‌ಇಇ ಪರೀಕ್ಷೆ ಬರುತ್ತದೆ. ಹಿಂದೆ ಇದಕ್ಕೆ ಎಸ್‌ಎಲ್‌ಸಿ ಎಂದು ಹೆಸರಿತ್ತು, ದಾಟುವುದು ಕಷ್ಟವಾದ್ದರಿಂದ ಫಲಾಮೆ ಢೋಕಾ, ಅಂದರೆ ಕಬ್ಬಿಣದ ಬಾಗಿಲು ಎನ್ನುತ್ತಿದ್ದರು. ಪದವಿ ಓದಿಗೆ ಊರಿನಲ್ಲೇ ತ್ರಿಭುವನ ವಿಶ್ವವಿದ್ಯಾಲಯದ ತ್ರಿಭುವನ ಬಹುಮುಖಿ ಕ್ಯಾಂಪಸ್ ಇದೆ. ಹಳ್ಳಿಯ ಶಾಲೆಗಳ ಮುಂದಿರುವ ಕಷ್ಟ ಮಕ್ಕಳಿಲ್ಲದಿರುವುದು. ಅಪ್ಪ ಹೊರದೇಶದಲ್ಲಿ, ತಾಯಿ ಮಕ್ಕಳೊಡನೆ ತಾನ್‌ಸೇನ್ ಅಥವಾ ಬುಟ್ವಲ್‌ನ ಬಾಡಿಗೆ ಕೋಣೆಯಲ್ಲಿ, ಅಜ್ಜಅಜ್ಜಿ ಮಾತ್ರ ಹಳ್ಳಿಯಲ್ಲಿ ಎಂಬಂತಾಗಿದೆ.

ನೀರಿಗೆ ತೊಂದರೆ ಇದೆಯೇ?

ಇದೆ. ಊರು ಇಳಿಜಾರಿನ ಮೇಲಿದೆ, ನೀರಿನ ಸೆಲೆಗಳು ಹೆಚ್ಚಾಗಿ ಕೆಳಗಿವೆ. ಆದ್ದರಿಂದ ಪಂಪು ಹಾಕಿ ಮೇಲೆತ್ತಬೇಕು. ಬೇಸಿಗೆಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುವುದು ಊರಿನವರಿಗೆ ರೂಢಿಯಾಗಿದೆ. ಧಾರಾ ಎಂಬ ಹಳೆಯ ಕಲ್ಲಿನ ನೀರುಕೊಳವೆಗಳ ಮುಂದೆ ಬಿಂದಿಗೆಗಳ ಸಾಲು ಈಗಲೂ ಕಾಣುತ್ತದೆ.

ಸಾಮುದಾಯಿಕ ಅರಣ್ಯ ಎಂದರೆ ಏನು?

1993ರ ಅರಣ್ಯ ಕಾನೂನು ಊರಿನ ಹತ್ತಿರದ ಕಾಡನ್ನು ಅದನ್ನು ಬಳಸುವವರ ಸಮೂಹಕ್ಕೆ ಒಪ್ಪಿಸಲು ದಾರಿ ಮಾಡಿತು. ನೆಲದ ಒಡೆತನ ಸರ್ಕಾರದ್ದೇ. ಕಾಯುವುದು, ಸೌದೆ ಸೊಪ್ಪು ಹಂಚುವುದು, ಮರ ಮಾರಿದ ಹಣವನ್ನು ಖರ್ಚು ಮಾಡುವುದು ಸಮೂಹದ ಹೊಣೆ. ದೇಶದಲ್ಲಿ ಇಂಥ 22 ಸಾವಿರಕ್ಕೂ ಹೆಚ್ಚು ಸಮೂಹಗಳಿವೆ. ಬೋಳಾಗಿದ್ದ ನಡುಬೆಟ್ಟದ ಗುಡ್ಡಗಳು ಮತ್ತೆ ಹಸಿರಾದದ್ದು ಬಹುಪಾಲು ಇವುಗಳಿಂದ. ಈಗ ಸಮಸ್ಯೆ ತಿರುಗುಮುರುಗಾಗಿದೆ: ಸೊಪ್ಪು ಕೊಯ್ಯುವ ಕೈಗಳು ಕಡಿಮೆಯಾಗಿ, ಪಾಳು ಬಿದ್ದ ಗದ್ದೆಗಳಿಗೂ ಕಾಡು ಹಬ್ಬಿ, ಕೋತಿಗಳ ಕಾಟದಿಂದ ಇದ್ದ ಮೆಕ್ಕೆಜೋಳವೂ ಉಳಿಯುತ್ತಿಲ್ಲ. ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಢಾಕಾ ಟೋಪಿಯನ್ನು ಪಾಲ್ಪಾದ ಟೋಪಿ ಎನ್ನುವುದು ಏಕೆ?

ನೇಪಾಳಿ ಗಂಡಸರ ಈ ಟೋಪಿ ಹೊಲಿಯುವ ಬಟ್ಟೆ ಹಿಂದೆ ಬಂಗಾಳದ ಢಾಕಾದಿಂದ ಬರುತ್ತಿತ್ತು, ಹೆಸರು ಅಲ್ಲಿಂದಲೇ ಉಳಿಯಿತು. 1950ರ ದಶಕದಿಂದ ತಾನ್‌ಸೇನ್‌ನಲ್ಲೇ ನೇಯತೊಡಗಿದರು, ಪಾಲ್ಪಾಲಿ ಢಾಕಾ ದೇಶದ ತುಂಬ ಹೆಸರಾಯಿತು. ರಾಜ ಮಹೇಂದ್ರನ ಕಾಲದಲ್ಲಿ ಟೋಪಿ ಸರ್ಕಾರಿ ಉಡುಪಿನ ಭಾಗವಾಗಿ, ಗಂಡಸರು ಕಾಗದಪತ್ರದ ಭಾವಚಿತ್ರಕ್ಕೂ ಅದನ್ನು ಧರಿಸಬೇಕಾದಾಗ ಬೇಡಿಕೆ ಏರಿತು. ಪೂರ್ವದ ತೆಹ್ರಥುಮ್‌ನಲ್ಲಿ ಬಣ್ಣದ ನೂಲನ್ನು ಬೆರಳಿನಿಂದಲೇ ಹಾಯಿಸಿ ವಿನ್ಯಾಸ ತುಂಬುತ್ತಾರೆ. ಪಾಲ್ಪಾದಲ್ಲಿ ಜಕಾರ್ಡ್ ಹೂಡಿದ ಮಗ್ಗಗಳು ಹೆಚ್ಚು. ಮೇಲೆ ರಂಧ್ರ ಕೊರೆದ ಕಾರ್ಡುಗಳ ಮಾಲೆ ಟಕಟಕನೆ ತಿರುಗುತ್ತಿದ್ದಂತೆ ಕೆಳಗೆ ಗುಡಿಯ ಗೋಪುರದಂಥ ಮುಕ್ಕೋನಗಳು ಒಂದೊಂದು ಎಳೆಯಾಗಿ ಮೇಲೇಳುತ್ತವೆ. ಇಳಕಲ್ ಅಥವಾ ರಬಕವಿಯ ನೇಕಾರರ ಮನೆ ನೋಡಿದವರಿಗೆ ಆ ಸದ್ದು ಪರಿಚಿತವೇ. ನೇಯುವವರು ಬಹುತೇಕ ಹೆಂಗಸರು. ನೇಯ್ದಷ್ಟು ಮೊಳಕ್ಕೆ ಕೂಲಿ. ಯಂತ್ರದಲ್ಲಿ ಅಚ್ಚು ಹಾಕಿದ ಅಗ್ಗದ ಬಟ್ಟೆ ಅವರಿಗೆ ದೊಡ್ಡ ಪೆಟ್ಟು. ಕೊಳ್ಳುವಾಗ ಬಟ್ಟೆಯ ಹಿಮ್ಮಗ್ಗುಲು ತಿರುಗಿಸಿ ನೋಡಿ: ಎಳೆಗಳು ಅಲ್ಲಿ ತೇಲುತ್ತಿದ್ದರೆ ನೇಯ್ದದ್ದು, ಬರಿದಾಗಿ ಬಣ್ಣ ಮಾಸಿದ್ದರೆ ಅಚ್ಚಿನದು.

ಕರುವಾ ಎಂಬುದು ಏನು?

ಹೊಟ್ಟೆ ಉಬ್ಬಿದ, ಪಕ್ಕದಲ್ಲಿ ಕೊಕ್ಕಿನಂಥ ಸೊಂಡಿಲಿರುವ, ಕೆಳಗೆ ಪಾದವಿರುವ ಲೋಹದ ನೀರಿನ ಪಾತ್ರೆ. ನಮ್ಮ ಕರಾವಳಿಯ ಗಿಂಡಿಯ ನೆಂಟ ಎನ್ನಬಹುದು. ತುಟಿ ತಾಕಿಸದೆ ಎತ್ತಿ ಕುಡಿಯಲು ಅನುಕೂಲ. ಊರಿನ ಟಕ್ಸಾರ್ ಟೋಲ್ ಇದಕ್ಕೆ ಹೆಸರಾದ ಕೇರಿ. ಟಕ್ಸಾರ್ ಎಂದರೆ ಟಂಕಸಾಲೆ. ಮೇಣದಲ್ಲಿ ಪಾತ್ರೆಯ ರೂಪ ಮಾಡಿ, ಮಣ್ಣು ಮೆತ್ತಿ ಒಣಗಿಸಿ, ಕಾಯಿಸಿ ಮೇಣವನ್ನು ಹರಿಸಿ, ಆ ಟೊಳ್ಳಿಗೆ ಕರಗಿದ ಲೋಹ ಸುರಿಯುತ್ತಾರೆ. ಮಣ್ಣನ್ನು ಒಡೆದೇ ಪಾತ್ರೆ ತೆಗೆಯಬೇಕಾದ್ದರಿಂದ ಒಂದು ಅಚ್ಚಿನಿಂದ ಒಂದೇ ಕರುವಾ.

ಇಷ್ಟೊಂದು ಜನ ಊರು ಬಿಟ್ಟು ಹೋಗುವುದು ಏಕೆ?

ಮೆಟ್ಟಿಲು ಗದ್ದೆಗಳಲ್ಲಿ ಬೆಳೆದದ್ದು ವರ್ಷವಿಡೀ ಸಾಲದು, ಊರಿನಲ್ಲಿ ಕಾರ್ಖಾನೆಗಳಿಲ್ಲ, ಸರ್ಕಾರಿ ನೌಕರಿ ಕೆಲವರಿಗೆ ಮಾತ್ರ. ಹೊರಗೆ ಹೋಗುವುದು ಇಲ್ಲಿ ಹೊಸದೂ ಅಲ್ಲ. ಪಾಲ್ಪಾದ ಮಗರ್ ಯುವಕರು ತಲೆಮಾರುಗಳಿಂದ ಬ್ರಿಟಿಷ್ ಮತ್ತು ಭಾರತೀಯ ಸೇನೆಯ ಗೂರ್ಖಾ ಪಡೆಗಳಿಗೆ ಸೇರಿದ್ದಾರೆ. ಅಂಥವರನ್ನು ಲಾಹುರೆ ಎನ್ನುತ್ತಾರೆ, ಒಂದು ಕಾಲದಲ್ಲಿ ಸೈನ್ಯ ಸೇರಲು ಲಾಹೋರಿಗೆ ಹೋಗುತ್ತಿದ್ದ ನೆನಪು ಆ ಪದದಲ್ಲಿದೆ. ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ನೇಪಾಳಿ ಗೂರ್ಖಾ ಕುಲಬೀರ್ ಥಾಪಾ ಪಾಲ್ಪಾದವನು. 1915ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ರಣರಂಗದಲ್ಲಿ, ತಾನೇ ಗಾಯಗೊಂಡಿದ್ದರೂ, ಜರ್ಮನ್ ಕಂದಕದ ಹಿಂದೆ ಬಿದ್ದಿದ್ದ ಬ್ರಿಟಿಷ್ ಸೈನಿಕನನ್ನು ಬಿಟ್ಟು ಬರಲೊಪ್ಪದೆ ಹಗಲೂ ರಾತ್ರಿ ಕಾದು ಹೊತ್ತು ತಂದವನು ಅವನು.

ಈಗ ಹೆಚ್ಚಿನವರು ಹೋಗುವುದು ಕೊಲ್ಲಿ ರಾಷ್ಟ್ರಗಳಿಗೆ, ಮಲೇಷ್ಯಾಕ್ಕೆ, ಭಾರತಕ್ಕೆ. ಮೊದಲ ಎರಡಕ್ಕೆ ಸರ್ಕಾರದ ಶ್ರಮ ಸ್ವೀಕೃತಿ ಪತ್ರ ಬೇಕು, ದಲ್ಲಾಳಿಗೆ ಸಾಲ ಮಾಡಿ ಹಣ ಕೊಡಬೇಕು. ಭಾರತಕ್ಕೆ ಬರಲು ಗಡಿ ದಾಟಿದರೆ ಸಾಕು. ಹೀಗಾಗಿ ಸಾಲವೂ ಹುಟ್ಟದ ಬಡವರೇ ನಮ್ಮ ಕಡೆಗೆ ಬರುವುದು ಹೆಚ್ಚು. 2011ರ ಜನಗಣತಿಯಲ್ಲಿ ಸುಮಾರು 2.61 ಲಕ್ಷವಿದ್ದ ಪಾಲ್ಪಾ ಜಿಲ್ಲೆಯ ಜನಸಂಖ್ಯೆ 2021ರಲ್ಲಿ ಸುಮಾರು 2.45 ಲಕ್ಷಕ್ಕೆ ಇಳಿಯಿತು.

ಬೆಂಗಳೂರಿನಲ್ಲಿ ನೇಪಾಳಿಗಳನ್ನು ಬಹಾದ್ದೂರ್ ಎಂದು ಕರೆಯುತ್ತೇವೆ. ಅವರಿಗೆ ಬೇಸರವಾಗುತ್ತದೆಯೇ?

ಆಗುತ್ತದೆ. ಬಹಾದುರ್ ಎಂಬುದು ನಮ್ಮ ಕುಮಾರ, ಪ್ರಸಾದಗಳಂತೆ ಹೆಸರಿನ ನಡುವೆ ಬರುವ ಮಾತು. ಅದನ್ನೇ ಎಲ್ಲರಿಗೂ ಅಂಟಿಸಿದರೆ ಯಾರಿಗೂ ಹೆಸರಿಲ್ಲದಂತಾಗುತ್ತದೆ. ಅವರ ಊರಿನಲ್ಲಿ ಅಪರಿಚಿತರನ್ನೂ ದಾಜು (ಅಣ್ಣ), ದಿದಿ (ಅಕ್ಕ), ಭಾಇ (ತಮ್ಮ), ಬಹಿನಿ (ತಂಗಿ) ಎಂದೇ ಮಾತನಾಡಿಸುತ್ತಾರೆ, ಗೌರವದಿಂದ ನೀವು ಎನ್ನಲು ತಪಾಈಂ ಎಂಬ ಪದವಿದೆ. ಹೆಸರು ಗೊತ್ತಿಲ್ಲದಿದ್ದರೆ ನಮ್ಮ ಅಣ್ಣ ಎಂಬ ಮಾತೇ ಸಾಕು.

2006ರಲ್ಲಿ ತಾನ್‌ಸೇನ್‌ನಲ್ಲಿ ಏನಾಯಿತು?

ಆ ವರ್ಷದ ಜನವರಿ 31ರ ರಾತ್ರಿ, ಸರ್ಕಾರದ ವಿರುದ್ಧ ಸಶಸ್ತ್ರ ಹೋರಾಟ ನಡೆಸುತ್ತಿದ್ದ ಮಾವೋವಾದಿಗಳು ಊರಿನ ಮೇಲೆ ದೊಡ್ಡ ದಾಳಿ ನಡೆಸಿದರು. ಊರ ನಡುವಿನ ತಾನ್‌ಸೇನ್ ದರ್ಬಾರ್ ಸುಟ್ಟು ಹೋಯಿತು. 1927ರಲ್ಲಿ ರಾಣಾ ಗವರ್ನರ್ ಪ್ರತಾಪ ಶಮ್‌ಶೇರ್ ಕಟ್ಟಿಸಿದ್ದ ಆ ಅರಮನೆಯಲ್ಲಿ ಆಗ ಜಿಲ್ಲಾ ಆಡಳಿತದ ಕಚೇರಿಗಳಿದ್ದವು. ಅದೇ ವರ್ಷದ ನವೆಂಬರಿನಲ್ಲಿ ಶಾಂತಿ ಒಪ್ಪಂದವಾಯಿತು. ದರ್ಬಾರನ್ನು ಹಳೆಯ ರೂಪದಲ್ಲೇ ಮತ್ತೆ ಕಟ್ಟಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅದರ ಮುಂದಿನ ಬಗ್ಗಿ ಢೋಕಾ ಎಂಬ ಹೆಬ್ಬಾಗಿಲು ಕುದುರೆ ಬಗ್ಗಿ ನುಗ್ಗುವಷ್ಟು ದೊಡ್ಡದು. ಎದುರಿನ ಶೀತಲಪಾಟಿ ಎಂಬ ಬಿಳಿಯ ಎಂಟು ಮೂಲೆಯ ಮಂಟಪ ನಮ್ಮ ಹಳ್ಳಿಗಳ ಅರಳಿಕಟ್ಟೆಯಂತೆ ಊರಿನವರೆಲ್ಲ ಕೂತು ಮಾತಾಡುವ ಜಾಗ.

ರಾಣಿ ಮಹಲ್ ಯಾರದು?

ಖಡ್ಗ ಶಮ್‌ಶೇರ್ ಎಂಬ ರಾಣಾ ಜನರಲ್ ಕಾಠ್ಮಂಡುವಿನ ಅಧಿಕಾರದ ಜಗಳದಲ್ಲಿ ಸೋತು, 1887ರಲ್ಲಿ ಪಾಲ್ಪಾಕ್ಕೆ ಬಂದನು. ತೀರಿಕೊಂಡ ಮಡದಿ ತೇಜ್ ಕುಮಾರಿಯ ನೆನಪಿಗೆ 1890ರ ದಶಕದಲ್ಲಿ ಕಾಳಿಗಂಡಕಿಯ ದಡದ ಬಂಡೆಯ ಮೇಲೆ ಕಟ್ಟಿಸಿದ ಅರಮನೆ ಇದು. ಇದೇ ಖಡ್ಗ ಶಮ್‌ಶೇರನ ಕಾಲದಲ್ಲಿ, 1896ರಲ್ಲಿ, ಅವನ ಆಡಳಿತಕ್ಕೆ ಸೇರಿದ್ದ ಬಯಲಿನಲ್ಲಿ ಲುಂಬಿನಿಯ ಅಶೋಕ ಸ್ತಂಭದ ಶಾಸನ ಬೆಳಕಿಗೆ ಬಂತು. ಮಸ್ಕಿ ಮತ್ತು ಬ್ರಹ್ಮಗಿರಿಯ ಬಂಡೆಗಳನ್ನು ಕಂಡ ಕನ್ನಡಿಗರಿಗೆ ಆ ಲಿಪಿ ಪರಕೀಯವೆನಿಸದು.

ಹಬ್ಬಗಳಲ್ಲಿ ಯಾವುದು ದೊಡ್ಡದು?

ದಶೈಂ, ಅಂದರೆ ನಮ್ಮ ನವರಾತ್ರಿ, ದಸರಾ. ಹಿರಿಯರು ಅಕ್ಕಿ, ಮೊಸರು, ಕೆಂಪು ಬಣ್ಣ ಕಲಸಿದ ಟೀಕಾವನ್ನು ಕಿರಿಯರ ಹಣೆಗಿಟ್ಟು, ಕತ್ತಲಲ್ಲಿ ಮೊಳೆಯಿಸಿದ ಹಳದಿ ಜಮರಾ ಸಸಿಗಳನ್ನು ಮುಡಿಸಿ ಹರಸುತ್ತಾರೆ. ಹೊರಗಿರುವವರು ಹೇಗಾದರೂ ರಜೆ ಹೊಂದಿಸಿಕೊಂಡು ಬರುವುದು ಈ ಹಬ್ಬಕ್ಕೇ. ತಾನ್‌ಸೇನ್‌ನದೇ ಆದ ಹಬ್ಬವೆಂದರೆ ಕೃಷ್ಣ ಜನ್ಮಾಷ್ಟಮಿಯ ಮರುದಿನದ ಭಗವತಿ ಜಾತ್ರೆ. ಅಂದು ದೇವಿಯ ರಥ ಕಡಿದಾದ ಬೀದಿಗಳಲ್ಲಿ ಸುತ್ತುತ್ತದೆ.

ಊಟ ತಿಂಡಿ ನಮಗೆ ಹೊಂದುತ್ತದೆಯೇ?

ಚೆನ್ನಾಗಿ ಹೊಂದುತ್ತದೆ. ದಿನದ ಎರಡು ಹೊತ್ತೂ ದಾಲ್, ಭಾತ್, ತರಕಾರಿ. ಪಾಲ್ಪಾದ ಚುಕೌನಿಯನ್ನು ತಪ್ಪದೆ ತಿನ್ನಿ: ಬೇಯಿಸಿದ ಆಲೂಗಡ್ಡೆ, ಈರುಳ್ಳಿ, ಹಸಿಮೆಣಸನ್ನು ಮೊಸರಿಗೆ ಹಾಕಿ, ಮೆಂತ್ಯ ಕಪ್ಪಗಾಗುವವರೆಗೆ ಹುರಿದು ಅರಿಶಿನ ಸೇರಿಸಿದ ಒಗ್ಗರಣೆ ಕೊಡುತ್ತಾರೆ. ನಮ್ಮ ಮೊಸರು ಬಜ್ಜಿಯೇ, ಸಾಸಿವೆಯ ಜಾಗದಲ್ಲಿ ಮೆಂತ್ಯ. ಮಗರರ ಬಟುಕ್ ನಮ್ಮ ಉದ್ದಿನ ವಡೆಯ ಹಾಗೆ ನಡುವೆ ತೂತಿರುವ ಕರಿದ ತಿಂಡಿ.

ಹಣ, ಗಡಿಯಾರ, ಪಂಚಾಂಗಗಳಲ್ಲಿ ಏನು ವ್ಯತ್ಯಾಸ?

ಭಾರತದ 100 ರೂಪಾಯಿಗೆ ನೇಪಾಳದ 160 ರೂಪಾಯಿ. ಈ ದರ 1993ರಿಂದ ಬದಲಾಗಿಲ್ಲ. ದೊಡ್ಡ ಮೊತ್ತದ ಭಾರತೀಯ ನೋಟುಗಳ ನಿಯಮ ಆಗಾಗ ಬದಲಾಗಿರುವುದರಿಂದ ಹೊರಡುವ ಮುನ್ನ ವಿಚಾರಿಸಿ, ನೂರರ ನೋಟುಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಗಡಿಯಾರ ನಮಗಿಂತ 15 ನಿಮಿಷ ಮುಂದು. ಕಚೇರಿಗಳೆಲ್ಲ ನಡೆಯುವುದು ವಿಕ್ರಮ ಶಕೆಯ ಲೆಕ್ಕದಲ್ಲಿ. ಹೊಸ ವರ್ಷ ಏಪ್ರಿಲ್ ನಡುವಿನಲ್ಲಿ, ಹಣಕಾಸು ವರ್ಷ ಜುಲೈ ನಡುವಿನಲ್ಲಿ ಆರಂಭವಾಗುತ್ತದೆ. ವಾರದ ರಜೆ ಶನಿವಾರ ಎಂಬುದು ಹಳೆಯ ರೂಢಿ.

ಕರ್ನಾಟಕದಿಂದ ಹೋಗುವುದು ಹೇಗೆ?

ಯಶವಂತಪುರದಿಂದ ಗೋರಖ್‌ಪುರಕ್ಕೆ ನೇರ ರೈಲಿದೆ. ಅಲ್ಲಿಂದ ಬಸ್ಸಿನಲ್ಲಿ ಸುನೌಲಿ ಗಡಿ, ಗಡಿ ದಾಟಿ ಭೈರಹವಾ, ಬುಟ್ವಲ್, ಮತ್ತೆ ಸುಮಾರು 40 ಕಿಲೋಮೀಟರ್ ಬೆಟ್ಟ ಹತ್ತಿದರೆ ತಾನ್‌ಸೇನ್. ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಜೊತೆಗಿರಲಿ. ಬುಟ್ವಲ್ ದಾಟಿದೊಡನೆ ತಿನಾವು ಹೊಳೆಯ ಇಕ್ಕಟ್ಟಿನಲ್ಲಿ ಬರುವ ಸಿದ್ಧಬಾಬಾ ಭಾಗದಲ್ಲಿ ಮಳೆಗಾಲದಲ್ಲಿ ಬಂಡೆಗಳು ಉರುಳುತ್ತವೆ. ಅದನ್ನು ತಪ್ಪಿಸಲು ಸುರಂಗದ ಕೆಲಸ ಕೈಗೆತ್ತಿಕೊಂಡಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಾರಿಯಲ್ಲಿ ಹೋಗಲೇಬೇಕಾದರೆ ರಾತ್ರಿ ಬಸ್ಸು ಬೇಡ.

ನಮ್ಮ ದೇವರ ಕೋಣೆಯ ಸಾಲಿಗ್ರಾಮ ಈ ಕಡೆಯದೇ?

ಹೌದು. ಸಾಲಿಗ್ರಾಮ ಸಿಗುವ ಗಂಡಕಿ ನದಿ ಎಂದು ನಮ್ಮ ಮನೆಗಳಲ್ಲಿ ಹೇಳುವುದು ಈ ಕಾಳಿಗಂಡಕಿಯನ್ನೇ. ಕೋಟ್ಯಂತರ ವರ್ಷಗಳ ಹಿಂದೆ ಹಿಮಾಲಯದ ಜಾಗದಲ್ಲಿದ್ದ ಸಮುದ್ರದ ಅಮೊನೈಟ್ ಎಂಬ ಜೀವಿಗಳ ಪಳೆಯುಳಿಕೆಗಳು ಅವು. ಚಕ್ರದಂತೆ ಕಾಣುವುದು ಆ ಜೀವಿಯ ಸುರುಳಿ ಚಿಪ್ಪು. ಮುಕ್ತಿನಾಥದ ಕಡೆಯ ಮುಸ್ತಾಂಗ್‌ನಿಂದ ನದಿ ಅವನ್ನು ಉರುಳಿಸಿಕೊಂಡು ತರುತ್ತದೆ. ಪಾಲ್ಪಾ, ಗುಲ್ಮಿ, ಸ್ಯಾಂಗ್ಜಾ ಜಿಲ್ಲೆಗಳು ಸೇರುವ ರಿಡಿಯಲ್ಲಿ ಹೃಷಿಕೇಶನ ಗುಡಿಯಿದೆ. ತಾನ್‌ಸೇನ್‌ನಿಂದ ಅಲ್ಲಿಗೆ ಬಸ್ಸು ಹೋಗುತ್ತದೆ. ನಾವು ಎಳ್ಳು ಬೆಲ್ಲ ಹಂಚುವ ಸಂಕ್ರಾಂತಿಯ ದಿನವೇ ಅಲ್ಲಿ ಮಾಘೆ ಸಂಕ್ರಾಂತಿಯ ಜಾತ್ರೆ. ಬೆಳಗಿನ ಚಳಿಯಲ್ಲಿ ಸೊಂಟದ ಮಟ್ಟಕ್ಕೆ ಬೂದು ಬಣ್ಣದ ನೀರಿಗಿಳಿದ ಮುದುಕಿಯರು ಮೂರು ಬಾರಿ ಮುಳುಗೆದ್ದು, ಮೇಲೆ ಬರುವ ಮೊದಲು ಬಗ್ಗಿ ಕಾಲ ಬುಡದ ಕಲ್ಲುಗಳನ್ನು ಒಮ್ಮೆ ತಡವಿ ನೋಡುತ್ತಾರೆ.